ಏದುಸಿರು ಮೈಗಳ್ಳತನವಲ್ಲ



ಈ ಸಲದ ಅಂಚೆಯಲ್ಲಿ ಎಂದಿನಂತೆ ಉಪ್ಪಿನಕಾಯಿಗೆ ಬೂಷ್ಟು ಹಿಡಿಯದಿರಲು ಏನು ಮಾಡಬೇಕು, ಮಗಳ ಕೂದಲು ಉದುರುವುದಕ್ಕೆ ಏನು ಹಚ್ಚಬೇಕು ಎಂದು ಕೇಳಿದ ಕಾಗದಗಳೇ ಹೆಚ್ಚು. ಅವುಗಳ ನಡುವೆ ಒಂದು ಕಾಗದ ಮಾತ್ರ ನನ್ನನ್ನು ಎರಡು ದಿನ ಕಾಡಿತು. ಉಪ್ಪಿನಕಾಯಿಯ ಮಾತು ಮುಂದಿನ ಸಂಚಿಕೆಗೆ ಇರಲಿ. ಈ ಕಾಗದವನ್ನು ಮೊದಲು ನೀವೂ ಓದಿ.

“ಅಕ್ಕಾವರಿಗೆ ನಮಸ್ಕಾರಗಳು. ನಾನು ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಅಂಗನವಾಡಿ ಕಾರ್ಯಕರ್ತೆ. ನಮ್ಮ ಕೇಂದ್ರಕ್ಕೆ ಸೇರಿದ ಹಾಡಿಯಲ್ಲಿ ಇಪ್ಪತ್ತೇಳು ವರ್ಷದ ಒಬ್ಬ ಹೆಣ್ಣುಮಗಳಿದ್ದಾಳೆ. ಅವಳಿಗೆ ಸಿಕಲ್ ಸೆಲ್ ಕಾಯಿಲೆ ಇದೆ ಎಂದು ಚಿಕ್ಕಂದಿನಲ್ಲೇ ಗೊತ್ತಾಗಿತ್ತಂತೆ. ಮೊದಲೆಲ್ಲ ಕೈಕಾಲು ನೋವು ಬಂದು ಆಸ್ಪತ್ರೆ ಸೇರುತ್ತಿದ್ದಳು. ಈಗ ಎರಡು ವರ್ಷದಿಂದ ನೋವು ಅಷ್ಟಾಗಿ ಇಲ್ಲ. ಆದರೆ ಬೋರ್‌ವೆಲ್ಲಿನಿಂದ ಒಂದು ಕೊಡ ನೀರು ತರುವಷ್ಟರಲ್ಲಿ ಎರಡು ಸಲ ಕೂತು ಸುಧಾರಿಸಿಕೊಳ್ಳುತ್ತಾಳೆ. ಸಂಜೆ ಹೊತ್ತಿಗೆ ಪಾದ ಊದುತ್ತದೆ. ಬಿ.ಪಿ. ನೋಡಿಸಿದೆ, ಸರಿಯಾಗಿದೆ ಎಂದರು. ಕಬ್ಬಿಣದ ಟಾನಿಕ್ ಮೂರು ಬಾಟಲಿ ಮುಗಿಯಿತು, ಏನೂ ಗುಣವಿಲ್ಲ. ಅವಳ ಅತ್ತೆ ‘ನೋವಿದ್ದಾಗ ಸರಿ, ಈಗೇನು ಧಾಡಿ, ಬರೀ ಮೈಗಳ್ಳಿ’ ಅನ್ನುತ್ತಾರೆ. ಎರಡು ಮಕ್ಕಳಿವೆ, ಇನ್ನೊಂದು ಆಗಲಿ ಅಂತ ಮನೆಯವರಿಗೆ ಆಸೆ. ಇದು ರಕ್ತ ಕಡಿಮೆಯೋ, ಸೋಮಾರಿತನವೋ, ಬೇರೆ ಏನಾದರೂ ಇರಬಹುದೋ? ದಯವಿಟ್ಟು ಉತ್ತರ ಬರೆಯಿರಿ.”

ತಂಗಿ, ಕಾಗದ ನೋಡಿ ಕಾಯಿಲೆ ಹೇಳುವುದು ಡಾಕ್ಟರಿಗೂ ಆಗದ ಮಾತು, ಇನ್ನು ಹೈಸ್ಕೂಲು ಮುಗಿಸಿ ಒಲೆ ಮುಂದೆ ನಿಂತ ನನ್ನಂಥವಳಿಗೆ ಎಲ್ಲಿಯದು! ನಿನ್ನ ಕಾಗದ ಹಿಡಿದುಕೊಂಡು ನಮ್ಮ ವಿಜಯನಗರದಲ್ಲೇ ಇರುವ ಪರಿಚಯದ ಡಾಕ್ಟರರ ಹತ್ತಿರ ಹೋಗಿ ಒಂದು ಗಂಟೆ ಕೂತು ಕೇಳಿ ಬಂದೆ. ಅವರು ಓದಿ ಮೊದಲು ಹೇಳಿದ್ದು ಇಷ್ಟು: “ಸಿಕಲ್ ಸೆಲ್ ಇರುವ ಹೆಣ್ಣುಮಗಳಿಗೆ ಹೊಸದಾಗಿ ಏದುಸಿರು ಶುರುವಾಗಿದೆ, ಕಾಲು ಊದುತ್ತಿದೆ ಅಂದರೆ ಟಾನಿಕ್ ಕೊಟ್ಟು ಕೂರಬಾರದು. ಎಕೋ ಮಾಡಿಸಬೇಕು. ಶ್ವಾಸಕೋಶದ ಬಿ.ಪಿ. ಏರಿದೆಯೋ ಏನೋ ನೋಡಬೇಕು.”

ಶ್ವಾಸಕೋಶಕ್ಕೂ ಒಂದು ಬಿ.ಪಿ. ಇದೆಯೇ ಎಂದು ನೀವು ಹುಬ್ಬೇರಿಸಬಹುದು. ಇದೆ. ಅದನ್ನು ಹೇಳಬೇಕಾದರೆ ಮೊದಲು ಈ ಸಿಕಲ್ ಸೆಲ್ ಅಂದರೇನು ಎಂದು ತಿಳಿಯಬೇಕು.

ಕುಡುಗೋಲಿನ ಆಕಾರದ ರಕ್ತಕಣ

ನಮ್ಮ ರಕ್ತದ ಕೆಂಪು ಕಣಗಳು ದುಂಡಗೆ, ಮೆತ್ತಗೆ ಇರುತ್ತವೆ. ಕೂದಲಿಗಿಂತ ಸಣ್ಣ ನಾಳದಲ್ಲೂ ಮೈ ಬಗ್ಗಿಸಿ ನುಸುಳಿ ಹೋಗುತ್ತವೆ. ಅವುಗಳೊಳಗಿನ ಹಿಮೋಗ್ಲೋಬಿನ್ ಎಂಬ ಪದಾರ್ಥವೇ ಪ್ರಾಣವಾಯುವನ್ನು ಹೊತ್ತು ಮೈಗೆಲ್ಲ ಹಂಚುವುದು. ಕೆಲವರಲ್ಲಿ ಈ ಹಿಮೋಗ್ಲೋಬಿನ್ ಹುಟ್ಟಿನಿಂದಲೇ ಒಂದು ಚೂರು ಬೇರೆ ಥರ ಇರುತ್ತದೆ. ಪ್ರಾಣವಾಯುವನ್ನು ಬಿಟ್ಟುಕೊಟ್ಟ ಕೂಡಲೇ ಅದು ಕಡ್ಡಿಗಳ ಹಾಗೆ ಒಂದಕ್ಕೊಂದು ಅಂಟಿಕೊಂಡು, ದುಂಡಗಿನ ಕಣವನ್ನು ಕುಡುಗೋಲಿನ ಹಾಗೆ ಬಾಗಿಸಿಬಿಡುತ್ತದೆ. ಇಂಗ್ಲಿಷಿನಲ್ಲಿ ಕುಡುಗೋಲಿಗೆ ಸಿಕಲ್ ಎನ್ನುತ್ತಾರೆ, ಅದಕ್ಕೇ ಈ ಹೆಸರು.

ಇಂಥ ಕಣಗಳಿಂದ ಎರಡು ತೊಂದರೆ. ಒಂದು, ಅವು ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ರಕ್ತದ ದಾರಿ ಕಟ್ಟುತ್ತವೆ. ಆಗಲೇ ಮೂಳೆ, ಕೀಲು, ಎದೆ, ಹೊಟ್ಟೆಯಲ್ಲಿ ತಡೆಯಲಾರದ ನೋವು. ಎರಡು, ಅವು ಬೇಗ ಒಡೆದುಹೋಗುತ್ತವೆ. ನಮ್ಮ ನಿಮ್ಮ ಕೆಂಪು ಕಣ ಸುಮಾರು 120 ದಿನ ಬಾಳಿದರೆ ಇವು ಬಾಳುವುದು 10ರಿಂದ 20 ದಿನ. ಹೊಸ ಕಣ ಹುಟ್ಟುವುದಕ್ಕಿಂತ ಹಳೆಯದು ಒಡೆಯುವುದೇ ಹೆಚ್ಚಾದ ಮೇಲೆ ರಕ್ತ ಕಡಿಮೆಯಾಗದೆ ಏನಾದೀತು? ಕಣ್ಣು ಹಳದಿಯಾಗುವುದೂ ಈ ಒಡೆತದಿಂದಲೇ.

ಈ ಕಣಗಳನ್ನು ವೈದ್ಯಶಾಸ್ತ್ರ ಮೊದಲು ಬರೆದಿಟ್ಟದ್ದು 1910ರಲ್ಲಿ, ಅಮೆರಿಕದ ಷಿಕಾಗೋದಲ್ಲಿ, ಜೇಮ್ಸ್ ಹೆರಿಕ್ ಎಂಬ ವೈದ್ಯರು. ನಮ್ಮ ದೇಶದಲ್ಲಿ ಇದು ಕಂಡದ್ದು 1952ರಲ್ಲಿ, ಅದೂ ನಮ್ಮ ಪಕ್ಕದ ನೀಲಗಿರಿಯ ಗಿರಿಜನರಲ್ಲಿ. ಮುಂದೆ ನಮ್ಮ ಮೈಸೂರು, ಚಾಮರಾಜನಗರ, ಕೊಡಗು ಕಡೆಯ ಹಾಡಿ ಪೋಡುಗಳಲ್ಲೂ, ಜೇನುಕುರುಬ, ಸೋಲಿಗ, ಯರವ ಮುಂತಾದ ಜನರಲ್ಲೂ ಇದು ಇರುವುದು ತಿಳಿಯಿತು. 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ ಡಾ. ಎಚ್. ಸುದರ್ಶನ್ ಅವರು ಸೋಲಿಗರ ನಡುವೆ ಈ ಕಾಯಿಲೆಯ ಬಗ್ಗೆ ಕೆಲಸ ಮಾಡಿದವರು.

ಕಾಡಿನ ಜನರಲ್ಲೇ ಏಕೆ ಹೆಚ್ಚು ಎಂದರೆ, ಅದು ಯಾರ ಶಾಪವೂ ಅಲ್ಲ, ಪಾಪವೂ ಅಲ್ಲ. ಮಲೇರಿಯಾ. ತಂದೆ ಅಥವಾ ತಾಯಿ, ಒಬ್ಬರಿಂದ ಮಾತ್ರ ಈ ಗುಣ ಪಡೆದ ಮಗುವಿಗೆ ಕಾಯಿಲೆ ಬರುವುದಿಲ್ಲ, ಬದಲಿಗೆ ಕೊಲ್ಲುವಂಥ ಮಲೇರಿಯಾದಿಂದ ಅದಕ್ಕೆ ಒಂದಿಷ್ಟು ರಕ್ಷಣೆ ಸಿಗುತ್ತದೆ. 1954ರಲ್ಲಿ ಆಂಟನಿ ಆಲಿಸನ್ ಎಂಬುವರು ಆಫ್ರಿಕಾದಲ್ಲಿ ಇದನ್ನು ತೋರಿಸಿದರು. ಸೊಳ್ಳೆ ತುಂಬಿದ ಕಾಡಿನಲ್ಲಿ ತಲೆತಲಾಂತರ ಬದುಕಿದವರಲ್ಲಿ ಈ ಗುಣ ಉಳಿದುಬಂದದ್ದು ಹಾಗೆ. ಅಪ್ಪ ಅಮ್ಮ ಇಬ್ಬರಿಂದಲೂ ಬಂದಾಗ ಮಾತ್ರ ಅದು ಕಾಯಿಲೆ.

ಕೈಯ ಬಿ.ಪಿ. ಬೇರೆ, ಶ್ವಾಸಕೋಶದ ಬಿ.ಪಿ. ಬೇರೆ

ನಮ್ಮ ಮನೆಗಳಲ್ಲಿ ನೀರಿನ ವ್ಯವಸ್ಥೆ ನೋಡಿದ್ದೀರಲ್ಲ. ಕಾವೇರಿ ನೀರು ಬಂದು ಸಂಪಿನಲ್ಲಿ ತುಂಬುತ್ತದೆ, ಮೋಟಾರು ಅದನ್ನು ಮೇಲಿನ ಟ್ಯಾಂಕಿಗೆ ಏರಿಸುತ್ತದೆ. ಹೃದಯದಲ್ಲೂ ಹೀಗೇ ಒಂದಲ್ಲ, ಎರಡು ಮೋಟಾರು. ಎಡಗಡೆಯದು ದೊಡ್ಡದು. ತಲೆಯಿಂದ ಅಂಗಾಲಿನವರೆಗೆ ಮೈಗೆಲ್ಲ ರಕ್ತ ತಳ್ಳುತ್ತದೆ. ತೋಳಿಗೆ ಪಟ್ಟಿ ಕಟ್ಟಿ ನೋಡುವ 120, 80 ಎಂಬ ಬಿ.ಪಿ. ಈ ದೊಡ್ಡ ಮೋಟಾರಿನ ಲೆಕ್ಕ. ಬಲಗಡೆಯದು ಚಿಕ್ಕದು. ಮೈಯೆಲ್ಲ ಸುತ್ತಿ ಬಂದ ರಕ್ತವನ್ನು ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ಕಳಿಸುವುದಷ್ಟೇ ಅದರ ಕೆಲಸ. ಹತ್ತಿರದ ದಾರಿ, ಸಲೀಸಾದ ನಾಳಗಳು. ಹಾಗಾಗಿ ಅದಕ್ಕೆ ಹೆಚ್ಚು ಬಲ ಬೇಕಿಲ್ಲ. ಅಲ್ಲಿಯ ಸರಾಸರಿ ಒತ್ತಡ 14ರ ಆಸುಪಾಸು, ಅಷ್ಟೇ. ಅದು 20 ದಾಟಿದರೆ ಶ್ವಾಸಕೋಶದ ರಕ್ತದೊತ್ತಡ ಏರಿದೆ ಎಂದು ಈಗಿನ ವೈದ್ಯರು ಲೆಕ್ಕ ಹಿಡಿಯುತ್ತಾರೆ. ಇದಕ್ಕೆ ಪಲ್ಮನರಿ ಹೈಪರ್‌ಟೆನ್ಷನ್ ಎಂದು ಹೆಸರು.

ಈಗ ಯೋಚಿಸಿ. ಪೈಪಿನೊಳಗೆ ಪಾಚಿ ಕಟ್ಟಿ ದಾರಿ ಕಿರಿದಾದರೆ ಮೋಟಾರು ಏನು ಮಾಡೀತು? ಹೆಚ್ಚು ಒತ್ತಡ ಹಾಕಿ ತಳ್ಳುತ್ತದೆ, ಬಿಸಿಯಾಗುತ್ತದೆ, ಕೊನೆಗೆ ಸುಟ್ಟುಹೋಗುತ್ತದೆ. ಶ್ವಾಸಕೋಶದ ನಾಳಗಳು ಬಿಗಿದು ಕಿರಿದಾದರೆ ಬಲಗಡೆಯ ಚಿಕ್ಕ ಮೋಟಾರಿನ ಗತಿಯೂ ಅದೇ. ಮೊದಮೊದಲು ಹೇಗೋ ತಳ್ಳುತ್ತದೆ. ಆಮೇಲೆ ದಪ್ಪಗಾಗುತ್ತದೆ, ಹಿಗ್ಗುತ್ತದೆ, ಸೋಲುತ್ತದೆ. ಸೋತಾಗ ರಕ್ತ ಹಿಂದಕ್ಕೆ ನಿಂತು ಪಾದ ಊದುತ್ತದೆ, ಹೊಟ್ಟೆ ಉಬ್ಬುತ್ತದೆ. ಮುಂದಕ್ಕೆ ಹೋಗುವ ರಕ್ತ ಸಾಲದೆ ಏದುಸಿರು, ಸುಸ್ತು, ತಲೆ ತಿರುಗು.

ಇಷ್ಟೆಲ್ಲ ಆಗುತ್ತಿದ್ದರೂ ತೋಳಿನ ಬಿ.ಪಿ. ನೆಟ್ಟಗೇ ಇರಬಹುದು. ತಂಗಿ, ‘ಬಿ.ಪಿ. ಸರಿಯಾಗಿದೆ ಎಂದರು’ ಎಂದು ಬರೆದಿದ್ದೀಯಲ್ಲ, ಆ ಮಾತು ಸುಳ್ಳಲ್ಲ. ಆದರೆ ಅದು ದೊಡ್ಡ ಮೋಟಾರಿನ ಸಮಾಚಾರ. ಚಿಕ್ಕದರ ಸಮಾಚಾರ ಆ ಪಟ್ಟಿಗೆ ಸಿಕ್ಕುವುದಿಲ್ಲ.

ಒಡೆದ ಕಣ ಮಾಡುವ ಕಿತಾಪತಿ

ಸಿಕಲ್ ಸೆಲ್ ಕಾಯಿಲೆಯಲ್ಲಿ ಈ ನಾಳಗಳು ಬಿಗಿಯುವುದೇಕೆ? ನಮ್ಮ ರಕ್ತನಾಳಗಳ ಒಳಗೋಡೆ ನೈಟ್ರಿಕ್ ಆಕ್ಸೈಡ್ ಎಂಬ ಒಂದು ಅನಿಲವನ್ನು ತಾನೇ ತಯಾರಿಸಿಕೊಳ್ಳುತ್ತದೆ. ನಾಳ ಸಡಿಲವಾಗಿ ತೆರೆದಿರಬೇಕಾದರೆ ಅದು ಬೇಕು. ಈ ಗುಟ್ಟು ಕಂಡುಹಿಡಿದ ಮೂವರಿಗೆ 1998ರಲ್ಲಿ ನೊಬೆಲ್ ಬಹುಮಾನವೇ ಬಂತು. ಕೆಂಪು ಕಣ ಒಡೆದಾಗ ಒಳಗಿದ್ದ ಹಿಮೋಗ್ಲೋಬಿನ್ ಹೊರಕ್ಕೆ ಚೆಲ್ಲಿ, ರಕ್ತದಲ್ಲಿ ಬಿಡಿಯಾಗಿ ಓಡಾಡುತ್ತದೆ. ಅದು ಸಿಕ್ಕ ನೈಟ್ರಿಕ್ ಆಕ್ಸೈಡನ್ನೆಲ್ಲ ಹೀರಿಬಿಡುತ್ತದೆ. ಸಡಿಲಿಸುವ ಪದಾರ್ಥ ಇಲ್ಲವಾದಾಗ ನಾಳ ಬಿಗಿಯುತ್ತದೆ. ವರ್ಷಗಟ್ಟಲೆ ಹೀಗೇ ಆದರೆ ಅದರ ಗೋಡೆಯೂ ದಪ್ಪವಾಗುತ್ತದೆ. ಕೆಲವರಿಗೆ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿಯೂ ಹೀಗಾಗಬಹುದು, ಇನ್ನು ಕೆಲವರಿಗೆ ಎಡಗಡೆಯ ಹೃದಯ ಬಿಗಿದು ಹಿಂದಿನಿಂದ ಒತ್ತಡ ಬೀಳಬಹುದು. ಯಾವುದರಿಂದ ಎಂದು ತಿಳಿದರೇ ಔಷಧಿ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಮನಸ್ಸಿನಲ್ಲಿಡಿ. ಸಿಕಲ್ ಸೆಲ್ ಎಂದರೆ ನೋವು, ನೋವು ಬರಲಿಲ್ಲವೆಂದರೆ ಕಾಯಿಲೆ ಹೋಯಿತು ಎಂದು ಎಲ್ಲರೂ ತಿಳಿಯುತ್ತಾರೆ. ಹಾಗಲ್ಲ. ಶ್ವಾಸಕೋಶದ ಒತ್ತಡ ಏರುವುದು ಮುಖ್ಯವಾಗಿ ಕಣ ಒಡೆಯುವುದರಿಂದ. ನೋವು ಅಪರೂಪವಾದವರಲ್ಲೂ ಅದು ಸದ್ದಿಲ್ಲದೆ ಏರಬಹುದು. ಇದು ಮಕ್ಕಳಿಗಿಂತ ದೊಡ್ಡವರಲ್ಲೇ ಹೆಚ್ಚು. ಚಿಕ್ಕಂದಿನಲ್ಲಿ ನೋವು ತಿಂದ ಹುಡುಗಿ ಮದುವೆಯಾಗಿ, ಎರಡು ಮಕ್ಕಳ ತಾಯಾಗಿ, ‘ಈಗ ನೋವಿಲ್ಲ, ಆರಾಮವಾಗಿದ್ದಾಳೆ’ ಎಂದು ಎಲ್ಲರೂ ನಿಟ್ಟುಸಿರು ಬಿಡುವ ಹೊತ್ತಿಗೇ ಇದು ಬರುತ್ತದೆ.

ಹಾಗೆಂದು ಎಲ್ಲರಿಗೂ ಬರುತ್ತದೆ ಎಂದು ಹೆದರಬೇಡಿ. 2004ರಲ್ಲಿ ಅಮೆರಿಕದಲ್ಲಿ 195 ಮಂದಿ ವಯಸ್ಕ ರೋಗಿಗಳಿಗೆ ಎಕೋ ಮಾಡಿದಾಗ ಸುಮಾರು ಮೂರರಲ್ಲಿ ಒಬ್ಬರಿಗೆ ಒತ್ತಡ ಏರಿರುವ ಸೂಚನೆ ಕಂಡಿತ್ತು. ಆದರೆ 2011ರಲ್ಲಿ ಫ್ರಾನ್ಸಿನಲ್ಲಿ 398 ಮಂದಿಯನ್ನು ನೋಡಿ, ಎಕೋದಲ್ಲಿ ಅನುಮಾನ ಬಂದವರಿಗೆ ಹೃದಯದೊಳಕ್ಕೇ ಸಣ್ಣ ನಳಿಕೆ ಬಿಟ್ಟು ಅಳೆದಾಗ, ನಿಜವಾಗಿ ಇದ್ದದ್ದು ನೂರಕ್ಕೆ ಆರು ಮಂದಿಗೆ. ಅಂದರೆ ಎಕೋ ಬಾಗಿಲು ತಟ್ಟುತ್ತದೆ, ತೀರ್ಪು ಕೊಡುವುದು ನಳಿಕೆಯ ಪರೀಕ್ಷೆ. ನೂರಕ್ಕೆ ಆರು ಎಂದರೆ ಕಡಿಮೆ ಎನಿಸಬಹುದು. ಆದರೆ ಬಂದವರಿಗೆ ಇದು ಪ್ರಾಣಕ್ಕೇ ಅಪಾಯ, ಹಾಗಾಗಿ ಹುಡುಕದೆ ಬಿಡುವ ಹಾಗಿಲ್ಲ.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಹೆಂಗಸು ಸುಸ್ತು ಎಂದ ಕೂಡಲೇ ‘ರಕ್ತ ಕಡಿಮೆ, ಟಾನಿಕ್ ಕುಡಿ’ ಎನ್ನುವುದು ನಮ್ಮ ಕಡೆಯ ವಾಡಿಕೆ. ಎಷ್ಟೋ ಹೆಂಗಸರಿಗೆ ಅದು ಸರಿಯೂ ಹೌದು. ನಮ್ಮಲ್ಲಿ ಕಬ್ಬಿಣದ ಕೊರತೆ ಬಹಳ. ಆದರೆ ಸಿಕಲ್ ಸೆಲ್‌ನಲ್ಲಿ ರಕ್ತ ಕಡಿಮೆಯಾಗುವುದು ಕಬ್ಬಿಣ ಇಲ್ಲದ್ದಕ್ಕಲ್ಲ, ಕಣ ಒಡೆಯುವುದಕ್ಕೆ. ಆಗಾಗ ರಕ್ತ ಹಾಕಿಸಿಕೊಂಡವರ ಮೈಯಲ್ಲಿ ಕಬ್ಬಿಣ ಬೇಕಾದ್ದಕ್ಕಿಂತ ಹೆಚ್ಚೇ ಕೂಡಿಕೊಂಡು ಲಿವರಿಗೂ ಹೃದಯಕ್ಕೂ ಕೇಡು ಮಾಡುತ್ತದೆ. ಅದಕ್ಕೇ ಫೆರಿಟಿನ್ ಎಂಬ ರಕ್ತಪರೀಕ್ಷೆ ಮಾಡಿಸಿ, ಕೊರತೆ ಇದೆ ಎಂದು ತಿಳಿದ ಮೇಲೇ ಕಬ್ಬಿಣ. ಸುಮ್ಮನೆ ಬಾಟಲಿ ಮೇಲೆ ಬಾಟಲಿ ಕುಡಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಈ ಕಾಯಿಲೆಯವರಿಗೆ ಡಾಕ್ಟರು ಸಾಮಾನ್ಯವಾಗಿ ಬರೆಯುವುದು ಫೋಲಿಕ್ ಆಸಿಡ್ ಮಾತ್ರೆ, ಹೊಸ ಕಣ ಹುಟ್ಟಲು ಅದು ಬೇಕು.

ಇನ್ನು ಅತ್ತೆಯವರ ಮಾತು. ಅವರನ್ನು ನಾನು ಬೈಯುವುದಿಲ್ಲ. ಕಣ್ಣಿಗೆ ಕಾಣದ ಕಾಯಿಲೆಯನ್ನು ನಂಬುವುದು ಕಷ್ಟ. ನೋವು ಬಂದಾಗ ಸೊಸೆ ಹೊರಳಾಡಿದ್ದನ್ನು ಅವರೂ ನೋಡಿದ್ದಾರೆ, ಮಗುವನ್ನೂ ನೋಡಿಕೊಂಡಿರುತ್ತಾರೆ. ಈಗ ನೋವಿಲ್ಲ, ಗಾಯವಿಲ್ಲ, ಜ್ವರವಿಲ್ಲ, ಕೂತರೆ ಚೆನ್ನಾಗಿದ್ದಾಳೆ, ಎದ್ದರೆ ಏದುಸಿರು! ಮೈಗಳ್ಳತನ ಅನ್ನಿಸುವುದು ಸಹಜ. ಆದರೆ ಈ ಕಾಯಿಲೆಯ ರೀತಿಯೇ ಹಾಗೆ. ಕೂತಾಗ ಚಿಕ್ಕ ಮೋಟಾರು ಹೇಗೋ ನಿಭಾಯಿಸುತ್ತದೆ, ಕೆಲಸಕ್ಕೆ ಎದ್ದಾಗ ಅದಕ್ಕೆ ಕೈಲಾಗುವುದಿಲ್ಲ. ಸೋಮಾರಿಗೆ ಬೇಡದ ಕೆಲಸದಲ್ಲಿ ಮಾತ್ರ ಸುಸ್ತು. ಇವಳಿಗೆ ಮಗಳ ಜೊತೆ ಜಾತ್ರೆಗೆ ನಡೆದರೂ ಸುಸ್ತು. ತಂಗಿ, ಈ ವ್ಯತ್ಯಾಸವನ್ನು ಅವರ ಜೊತೆ ಕೂತು ಸಮಾಧಾನವಾಗಿ ಹೇಳು. ಆಸ್ಪತ್ರೆಗೆ ಹೋಗುವಾಗ ಸೊಸೆಯ ಜೊತೆಗೆ ಅವರನ್ನೂ ಕರೆದುಕೊಂಡು ಹೋಗು. ಡಾಕ್ಟರ ಬಾಯಿಂದ ಒಂದು ಸಲ ಕೇಳಿದರೆ ಅವರೇ ನಾಳೆಯಿಂದ ಕೊಡ ಎತ್ತಿಕೊಂಡಾರು.

ಈಗ ಏನು ಮಾಡಬೇಕು

ಮೊದಲು ಒಂದು ವಾರ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಎಷ್ಟು ದೂರ ನಡೆದಾಗ ನಿಲ್ಲಬೇಕಾಯಿತು, ಕಳೆದ ವರ್ಷ ಅದೇ ದೂರಕ್ಕೆ ಹೇಗಿತ್ತು, ಯಾವ ದಿನ ಪಾದ ಊದಿತು, ಎದೆ ಹೊಡೆದುಕೊಂಡಿತೇ, ತಲೆ ತಿರುಗಿತೇ, ರಾತ್ರಿ ದಿಂಬು ಎತ್ತರ ಮಾಡಿ ಮಲಗಬೇಕೇ. ‘ಸುಸ್ತು ಡಾಕ್ಟರೇ’ ಎಂದರೆ ಎಲ್ಲರ ಸುಸ್ತಿನ ಜೊತೆ ಅದೂ ಒಂದಾಗುತ್ತದೆ. ‘ಹೋದ ದೀಪಾವಳಿಗೆ ನಿಲ್ಲದೆ ತರುತ್ತಿದ್ದ ನೀರಿಗೆ ಈಗ ಎರಡು ಸಲ ಕೂರುತ್ತೇನೆ’ ಎಂದರೆ ಯಾವ ಡಾಕ್ಟರೂ ತಲೆಯೆತ್ತಿ ನೋಡುತ್ತಾರೆ.

ಆಮೇಲೆ ಹಳೆಯ ಸಿಕಲ್ ಸೆಲ್ ಚೀಟಿ, ರಕ್ತ ಹಾಕಿಸಿದ ಚೀಟಿ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ‘ಸಿಕಲ್ ಸೆಲ್ ಇದೆ, ಏದುಸಿರು ಹೊಸದು, ಎಕೋ ಬೇಕೇ?’ ಎಂದು ಬಾಯಿಬಿಟ್ಟು ಕೇಳಿ. ಸಂಕೋಚ ಬೇಡ. 2019ರಲ್ಲಿ ಅಮೆರಿಕದ ರಕ್ತರೋಗ ತಜ್ಞರ ಸಂಘ ಕೊಟ್ಟ ಸಲಹೆಯೂ ಇದೇ: ಏನೂ ತೊಂದರೆ ಇಲ್ಲದವರಿಗೆಲ್ಲ ಸುಮ್ಮನೆ ಎಕೋ ಬೇಡ, ಇಂಥ ಲಕ್ಷಣ ಇದ್ದವರಿಗೆ ಬಿಡಬೇಡಿ ಎಂದು. ಎಕೋ ಎಂದರೆ ಬಸುರಿಯರಿಗೆ ಮಾಡುವ ಸ್ಕ್ಯಾನಿಂಗಿನ ಹಾಗೇ, ಎದೆಯ ಮೇಲೆ ಜೆಲ್ ಹಚ್ಚಿ ನೋಡುತ್ತಾರೆ. ಸೂಜಿಯಿಲ್ಲ, ನೋವಿಲ್ಲ. ಬಲಗಡೆಯ ಕವಾಟದಿಂದ ರಕ್ತ ಹಿಂದಕ್ಕೆ ಚಿಮ್ಮುವ ವೇಗ ಅಳೆಯುತ್ತಾರೆ. ಅದು ಸೆಕೆಂಡಿಗೆ 2.5 ಮೀಟರಿಗಿಂತ ಹೆಚ್ಚಿದ್ದರೆ ಮುಂದಿನ ಯೋಚನೆ.

ಕೋಟೆಯ ಕಡೆಯವರಿಗೆ ಸರಗೂರಿನಲ್ಲಿ ವಿವೇಕಾನಂದ ಸ್ಮಾರಕ ಆಸ್ಪತ್ರೆ ಇದೆ. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ ಇದೆ, ಹೃದಯಕ್ಕೇ ಮೀಸಲಾದ ಜಯದೇವ ಆಸ್ಪತ್ರೆಯೂ ಇದೆ. ಅಲ್ಲಿಂದ ಬೆಂಗಳೂರಿನ ಜಯದೇವಕ್ಕೆ ಬರೆದುಕೊಟ್ಟರೆ ಗಾಬರಿ ಬೇಡ. ಮೈಸೂರು ಬಸ್ಸಿನಲ್ಲಿ ಬಂದು, ನಮ್ಮ ವಿಜಯನಗರದ ಹತ್ತಿರವೇ ಇರುವ ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ಇಳಿದು, ದೀಪಾಂಜಲಿ ನಗರದಲ್ಲಿ ಮೆಟ್ರೋ ಹತ್ತಿ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ, ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿದರೆ ಜಯದೇವ ಆಸ್ಪತ್ರೆಯ ಹೆಸರಿನ ನಿಲ್ದಾಣವೇ ಸಿಗುತ್ತದೆ. ಹಳದಿ ಮಾರ್ಗ 2025ರ ಆಗಸ್ಟಿನಲ್ಲಿ ಶುರುವಾಯಿತು. ಒಂದೇ ಮಾತು, ಮೆಟ್ಟಿಲು ಹತ್ತಿಸಬೇಡಿ. ಎಲ್ಲ ನಿಲ್ದಾಣದಲ್ಲೂ ಲಿಫ್ಟ್ ಇದೆ, ಕೇಳಿದರೆ ತೋರಿಸುತ್ತಾರೆ.

ಒತ್ತಡ ಏರಿರುವುದು ನಿಜವಾದರೆ ಚಿಕಿತ್ಸೆಯೂ ಉಂಟು. ಹೈಡ್ರಾಕ್ಸಿಯೂರಿಯಾ ಎಂಬ ಮಾತ್ರೆ ಕಣಗಳು ಬಾಗುವುದನ್ನೂ ಒಡೆಯುವುದನ್ನೂ ತಗ್ಗಿಸುತ್ತದೆ. ಅದನ್ನು ರಕ್ತಪರೀಕ್ಷೆ ಮಾಡಿಸುತ್ತಾ ನಿಯಮವಾಗಿ ತೆಗೆದುಕೊಳ್ಳಬೇಕು. ಕೆಲವರಿಗೆ ರಕ್ತ ಹಾಕುತ್ತಾರೆ, ಪ್ರಾಣವಾಯು ಕಡಿಮೆ ಇದ್ದವರಿಗೆ ಆಕ್ಸಿಜನ್, ಹೆಪ್ಪುಗಟ್ಟಿದ್ದರೆ ರಕ್ತ ತೆಳುವಾಗಿಸುವ ಔಷಧಿ, ಊತಕ್ಕೆ ನೀರಿಳಿಸುವ ಮಾತ್ರೆ. ಆದರೆ ಬೇರೆಯವರ ಶ್ವಾಸಕೋಶದ ಬಿ.ಪಿ.ಗೆ ಕೊಟ್ಟ ಮಾತ್ರೆಯನ್ನು ಕೇಳಿ ತಂದು ಇವರಿಗೆ ಕೊಡುವುದು ಸಲ್ಲದು. ಆ ರೋಗಕ್ಕೆ ಸಾಮಾನ್ಯವಾಗಿ ಕೊಡುವ ಸಿಲ್ಡೆನಾಫಿಲ್ ಎಂಬ ಔಷಧಿಯನ್ನು ಸಿಕಲ್ ಸೆಲ್ ಇದ್ದವರಿಗೆ ಕೊಟ್ಟು ನೋಡಿದಾಗ, ನೋವು ಹೆಚ್ಚಾಗಿ ಆಸ್ಪತ್ರೆ ಸೇರಿದವರೇ ಜಾಸ್ತಿಯಾಗಿ, 2009ರಲ್ಲಿ ಆ ಪರೀಕ್ಷೆಯನ್ನೇ ಅರ್ಧಕ್ಕೆ ನಿಲ್ಲಿಸಿದರು.

ಮನೆಯಲ್ಲಿ ನೋಡಿಕೊಳ್ಳುವ ಮಾತು. ಸಿಕಲ್ ಸೆಲ್ ಇದ್ದವರು ಚೆನ್ನಾಗಿ ನೀರು ಕುಡಿಯಬೇಕು ಎಂದು ಎಲ್ಲರೂ ಹೇಳುತ್ತಾರೆ, ಸರಿಯೇ. ಆದರೆ ಕಾಲು ಊದಿದ್ದರೆ, ಹೃದಯ ಸೋತಿದ್ದರೆ ಎಷ್ಟು ಕುಡಿಯಬೇಕೆಂದು ಡಾಕ್ಟರನ್ನೇ ಕೇಳಿ. ಉಪ್ಪು ಕಡಿಮೆ ಮಾಡಿ. ತಣ್ಣೀರಿನ ಸ್ನಾನ ಬೇಡ, ಚಳಿಗೆ ಮೈ ಒಡ್ಡಬೇಡಿ. ಹೊಗೆ ತುಂಬಿದ ಒಲೆ ಮುಂದೆ ಕೂರಿಸಬೇಡಿ. ಬೀಡಿಯ ಹೊಗೆಯೂ ಬೇಡ. ಎದೆನೋವಿನ ಜೊತೆ ಜ್ವರ ಕೆಮ್ಮು ಬಂದರೆ, ತುಟಿ ನೀಲಿಯಾದರೆ, ಪ್ರಜ್ಞೆ ತಪ್ಪಿದರೆ ಬೆಳಗಾಗಲಿ ಎಂದು ಕಾಯದೆ ಆಗಲೇ 108ಕ್ಕೆ ಫೋನ್ ಮಾಡಿ.

ಇನ್ನೊಂದು ಮಗು?

ತಂಗಿ, ಇದನ್ನು ಮಾತ್ರ ಬಿಚ್ಚಿ ಹೇಳುತ್ತೇನೆ. ಶ್ವಾಸಕೋಶದ ಒತ್ತಡ ಏರಿದ ಹೆಂಗಸಿಗೆ ಬಸಿರು ಎಂದರೆ ಪ್ರಾಣಕ್ಕೆ ಕುತ್ತು. ಬಸಿರಿನಲ್ಲಿ ರಕ್ತದ ಪ್ರಮಾಣ ಹೆಚ್ಚುತ್ತದೆ. ಈಗಾಗಲೇ ದಣಿದ ಚಿಕ್ಕ ಮೋಟಾರು ಅದನ್ನು ತಾಳದೆ ಹೆರಿಗೆಯಲ್ಲೋ, ಹೆರಿಗೆಯಾದ ವಾರದಲ್ಲೋ ನಿಂತುಹೋಗಬಹುದು. ಎಕೋ ಆಗಿ ಡಾಕ್ಟರು ಹೇಳುವವರೆಗೆ ಮೂರನೆಯ ಮಗುವಿನ ಮಾತು ಬೇಡವೇ ಬೇಡ. ಹೈಡ್ರಾಕ್ಸಿಯೂರಿಯಾ ತೆಗೆದುಕೊಳ್ಳುವಾಗಲೂ ಬಸಿರಾಗುವ ಹಾಗಿಲ್ಲ. ಬಸಿರು ತಡೆಯಲು ಅಂಗಡಿಯಲ್ಲಿ ಸಿಕ್ಕ ಮಾತ್ರೆ ನುಂಗುವುದೂ ತಪ್ಪು. ಕೆಲವು ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಭಯವಿದೆ. ಯಾವ ವಿಧಾನ ಸರಿ ಎಂದು ಲೇಡಿ ಡಾಕ್ಟರನ್ನು ಕೇಳಲಿ. ಗಂಡ ಮಾಡಿಸಿಕೊಳ್ಳುವ ಸಣ್ಣ ಆಪರೇಷನ್ನೂ ಇದೆಯಲ್ಲ, ಎಲ್ಲ ಭಾರವೂ ಹೆಣ್ಣಿನ ಮೇಲೇ ಏಕೆ?

ಇರುವ ಇಬ್ಬರು ಮಕ್ಕಳಿಗೂ ಅಪ್ಪನಿಗೂ ಪರೀಕ್ಷೆ ಮಾಡಿಸಿ. ಲೆಕ್ಕ ಸರಳ. ತಾಯಿಗೆ ಕಾಯಿಲೆ ಇದ್ದು ತಂದೆಗೆ ಏನೂ ಇಲ್ಲದಿದ್ದರೆ ಮಕ್ಕಳೆಲ್ಲ ಗುಣ ಹೊತ್ತವರು ಮಾತ್ರ, ಯಾರಿಗೂ ಕಾಯಿಲೆ ಇಲ್ಲ. ತಂದೆಯೂ ಗುಣ ಹೊತ್ತವನಾದರೆ ಪ್ರತಿ ಮಗುವಿಗೂ ಕಾಯಿಲೆಯ ಸಂಭವ ಅರ್ಧಕ್ಕರ್ಧ. ಇಬ್ಬರೂ ಬರೀ ಗುಣ ಹೊತ್ತವರಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು. ಯಾವ ಲೆಕ್ಕದಲ್ಲೂ ಮಗುವಿಗೆ ಕಾಯಿಲೆ ಬರಬೇಕಾದರೆ ಇಬ್ಬರ ಕಡೆಯಿಂದಲೂ ಬರಬೇಕು. ‘ಸೊಸೆಯ ರಕ್ತ ಕೆಟ್ಟದ್ದು’ ಎನ್ನುವ ಮನೆಯವರು ಇದನ್ನು ತಿಳಿದಿರಲಿ.

ರಾಷ್ಟ್ರೀಯ ಸಿಕಲ್ ಸೆಲ್ ಅನೀಮಿಯಾ ನಿರ್ಮೂಲನಾ ಅಭಿಯಾನವನ್ನು ಕೇಂದ್ರ ಸರ್ಕಾರ 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲಿನಲ್ಲಿ ಶುರುಮಾಡಿತು. 2047ರ ಹೊತ್ತಿಗೆ ಈ ಕಾಯಿಲೆ ತೊಡೆಯಬೇಕೆಂದು ಗುರಿ. 40 ವರ್ಷದೊಳಗಿನ 7 ಕೋಟಿ ಜನರ ಪರೀಕ್ಷೆ, 17 ರಾಜ್ಯಗಳು, ಅದರಲ್ಲಿ ನಮ್ಮ ಕರ್ನಾಟಕವೂ ಒಂದು. ಪರೀಕ್ಷೆಗೂ ಹೈಡ್ರಾಕ್ಸಿಯೂರಿಯಾಕ್ಕೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಹೆಸರು ಹೇಳಿ ವಿಚಾರಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ಬಗೆಗಳಲ್ಲಿ ಸಿಕಲ್ ಸೆಲ್ ಕಾಯಿಲೆಯೂ ಸೇರಿದೆ, ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಚೀಟಿ ಓಡಾಟದಲ್ಲಿ ನಿನ್ನಂಥ ಅಂಗನವಾಡಿ ತಂಗಿಯರ ಸಹಾಯ ದೊಡ್ಡದು.

ಈ ಸಲದ ಅಡಿಗೆ: ಹೆಸರುಕಾಳು ಮಸ್ಸೊಪ್ಪು

ಫೋಲಿಕ್ ಆಸಿಡ್ ಸೊಪ್ಪು ಮತ್ತು ಕಾಳುಗಳಲ್ಲಿ ಧಾರಾಳ. ಮಾತ್ರೆಗೆ ಇದು ಬದಲಿಯಲ್ಲ, ಜೊತೆಗಿರಲಿ.

ಒಂದು ಬಟ್ಟಲು ಹೆಸರುಕಾಳು, ಎರಡು ಹಿಡಿ ದಂಟಿನ ಸೊಪ್ಪು, ಒಂದು ಹಿಡಿ ಪಾಲಕ್, ಎರಡು ಟೊಮೇಟೊ, ಒಂದು ಈರುಳ್ಳಿ, ಆರು ಎಸಳು ಬೆಳ್ಳುಳ್ಳಿ, ಎರಡು ಹಸಿಮೆಣಸಿನಕಾಯಿ, ಅರ್ಧ ಚಮಚ ಜೀರಿಗೆ, ಸ್ವಲ್ಪ ಹುಣಿಸೆಹಣ್ಣು. ಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಮೆತ್ತಗೆ ಬೇಯಿಸಿ. ಈರುಳ್ಳಿ, ಟೊಮೇಟೊ, ಮೆಣಸಿನಕಾಯಿ ಅದರಲ್ಲೇ ಬೇಯಲಿ. ಸೊಪ್ಪನ್ನು ಕೊನೆಗೆ ಹಾಕಿ ಐದೇ ನಿಮಿಷ ಬೇಯಿಸಿ, ಹೆಚ್ಚು ಬೆಂದರೆ ಸತ್ವ ಹೋಗುತ್ತದೆ. ಬೆಂದ ನೀರನ್ನು ಚೆಲ್ಲಬೇಡಿ. ಕಡಗೋಲಿನಿಂದ ಮಸೆದು, ಹುಣಿಸೆರಸ ಬೆರೆಸಿ, ಬೆಳ್ಳುಳ್ಳಿ ಜೀರಿಗೆಯ ಒಗ್ಗರಣೆ ಕೊಡಿ. ಕಾಲು ಊದುವವರಿಗೆ ಉಪ್ಪಿಗೆ ಮೊದಲೇ ಒಂದು ಬಟ್ಟಲು ತೆಗೆದಿಟ್ಟು, ಹುಳಿ ಬೆಳ್ಳುಳ್ಳಿ ಮುಂದು ಮಾಡಿ, ರುಚಿ ಕೆಡುವುದಿಲ್ಲ. ಬಿಸಿ ರಾಗಿಮುದ್ದೆಗೆ ಇದಕ್ಕಿಂತ ಜೋಡಿ ಬೇಡ.

ಸೋದರಿಯರೇ, ನಿಮ್ಮ ಮನೆಯಲ್ಲೋ ನೆರೆಯಲ್ಲೋ ಹೀಗೆ ನಿಂತು ನಿಂತು ನಡೆಯುವ ಹೆಣ್ಣುಮಗಳಿದ್ದರೆ, ‘ಏನೇ ನಿನ್ನ ಧಾಡಿ’ ಎನ್ನುವ ಮೊದಲು ‘ಯಾವಾಗಿನಿಂದ ಹೀಗೆ?’ ಎಂದು ಕೇಳಿ. ತಂಗಿ, ಎಕೋ ಆದ ಮೇಲೆ ಎರಡು ಸಾಲು ಬರೆ, ಕಾಯುತ್ತಿರುತ್ತೇನೆ. ಮುಂದಿನ ಸಂಚಿಕೆಯಲ್ಲಿ ಉಪ್ಪಿನಕಾಯಿಯ ಬೂಷ್ಟಿಗೆ ಪರಿಹಾರ.

ನಿಮ್ಮ ಅಕ್ಕ,
ವಿಜಯನಗರ, ಬೆಂಗಳೂರು